ಆರ್ಕಿಟೆಕ್ಟ್ ಆದವರು ಕಾರಣ ಬರೆದಿಡಬೇಕು

ಮಾನ್ಯ ಸಂಪಾದಕರೇ,

ಸಿಇಟಿ ಸೀಟು ಹಂಚಿಕೆಯ ಈ ದಿನಗಳಲ್ಲಿ ನಿಮ್ಮ ಶಿಕ್ಷಣ ಪುರವಣಿಯಲ್ಲಿ ಎಂಜಿನಿಯರಿಂಗ್ ಓದಿದವರು ಮುಂದೆ ಏನೇನು ಆಗಬಹುದು ಎಂಬ ಲೇಖನಗಳು ಬರುತ್ತಿವೆ. ಅವುಗಳಲ್ಲೊಂದು ‘ಸಾಫ್ಟ್‌ವೇರ್ ಆರ್ಕಿಟೆಕ್ಟ್’ ಹುದ್ದೆಯನ್ನು ಪರಿಚಯಿಸಿದ ರೀತಿ ನನಗೆ ಸರಿ ಕಾಣಲಿಲ್ಲ. ಹತ್ತು ಹದಿನೈದು ವರ್ಷ ದುಡಿದವರಿಗೆ ತಾನಾಗಿ ಒಲಿದು ಬರುವ, ಕೋಡ್ ಬರೆಯುವ ಶ್ರಮದಿಂದ ಬಿಡುಗಡೆ ಕೊಡುವ, ದೊಡ್ಡ ಸಂಬಳದ ಸ್ಥಾನ ಎಂಬ ಚಿತ್ರ ಅದರಲ್ಲಿತ್ತು. ಸಂಬಳದ ಮಾತು ನಿಜ. ಉಳಿದದ್ದನ್ನು ನಂಬಿ ಬರುವ ಮಕ್ಕಳು ತಪ್ಪು ಅಂದಾಜಿನಲ್ಲಿ ಬರುತ್ತಾರೆ, ಅವರ ಕೈಗೆ ಸಿಕ್ಕ ತಂತ್ರಾಂಶವೂ ಸೊರಗುತ್ತದೆ. ಈ ಕೆಲಸದಲ್ಲಿ ಬಹಳ ವರ್ಷ ಕಳೆದವಳಾಗಿ, ಇದರಲ್ಲಿ ಬೆಳೆಯುವುದೆಂದರೆ ಏನು, ಇಲ್ಲಿ ನಾಯಕತ್ವ ಎಂಬುದು ಎಲ್ಲಿರುತ್ತದೆ ಎಂದು ನಾನು ಕಂಡಂತೆ ಬರೆಯುತ್ತಿದ್ದೇನೆ. ಪತ್ರ ಉದ್ದವಾಗುತ್ತದೆ, ದಯವಿಟ್ಟು ಸಹಿಸಿಕೊಳ್ಳಿ.

ನಾನು ಅರಸೀಕೆರೆ ತಾಲ್ಲೂಕಿನವಳು. ಹಾಸನದಲ್ಲಿ ಬಿ.ಇ. ಮುಗಿಸಿ ಬೆಂಗಳೂರಿಗೆ ಬಂದೆ. ಈಗಿರುವುದು ಹಾಲು ಉತ್ಪಾದಕರ ಸಹಕಾರ ಸಂಘಗಳಿಗೆ ತಂತ್ರಾಂಶ ಮಾಡಿಕೊಡುವ ಒಂದು ಮಧ್ಯಮ ಗಾತ್ರದ ಕಂಪನಿಯಲ್ಲಿ. ಆರ್ಕಿಟೆಕ್ಟ್ ಎಂದರೆ ಏನು ಕೆಲಸ ಎಂದು ಊರಿನಲ್ಲಿ ಕೇಳುವವರಿಗೆ ನಾನು ಹೀಗೆ ಹೇಳುತ್ತೇನೆ: ಒಂದು ತಂತ್ರಾಂಶದಲ್ಲಿ ಸಾವಿರಾರು ತೀರ್ಮಾನಗಳಿರುತ್ತವೆ. ಹೆಚ್ಚಿನವನ್ನು ನಾಳೆ ಬದಲಾಯಿಸಿಕೊಳ್ಳಬಹುದು. ಕೆಲವನ್ನು ಮಾತ್ರ ಒಮ್ಮೆ ಮಾಡಿದರೆ ವರ್ಷಗಟ್ಟಲೆ ಹೊತ್ತುಕೊಂಡು ತಿರುಗಬೇಕಾಗುತ್ತದೆ. ಮಾಹಿತಿ ಎಲ್ಲಿ ಉಳಿಯಬೇಕು, ಯಾವ ಭಾಗ ಯಾವ ಭಾಗದೊಂದಿಗೆ ಮಾತಾಡಬೇಕು, ಒಂದು ಕೆಟ್ಟು ನಿಂತಾಗ ಉಳಿದವು ಹೇಗೆ ನಡೆಯಬೇಕು ಎಂಬಂಥವು ಅವು. ಅಂಥ ತೀರ್ಮಾನಗಳು ಸರಿಯಾಗಿ ಆಗುವಂತೆ ನೋಡಿಕೊಳ್ಳುವುದು ನನ್ನ ಹೊಣೆ.

ಈ ಹೊಣೆಗೆ ತಕ್ಕ ಅಧಿಕಾರ ಮಾತ್ರ ಹುದ್ದೆಯೊಂದಿಗೆ ಬರುವುದಿಲ್ಲ. ಮ್ಯಾನೇಜರ್ ರಜೆ ಮಂಜೂರು ಮಾಡುತ್ತಾರೆ, ಬಡ್ತಿಗೆ ಹೆಸರು ಶಿಫಾರಸು ಮಾಡುತ್ತಾರೆ. ಆರ್ಕಿಟೆಕ್ಟ್ ಕೈಯಲ್ಲಿ ಅದಾವುದೂ ಇಲ್ಲ. ನಾಲ್ಕೈದು ತಂಡಗಳ ಎಂಜಿನಿಯರುಗಳು ನಾನು ಹೇಳಿದ ದಾರಿಯಲ್ಲಿ ನಡೆಯಬೇಕಾದರೆ ಆ ದಾರಿ ಯಾಕೆ ಸರಿ ಎಂಬುದು ಅವರಿಗೆ ಮನದಟ್ಟಾಗಬೇಕು. ಹುದ್ದೆಯ ಹೆಸರು ಹೇಳಿ ಒಪ್ಪಿಸಿದ್ದು ನಾನು ಕೋಣೆಯಿಂದ ಹೊರಬಂದ ಕೂಡಲೇ ಸಡಿಲವಾಗುತ್ತದೆ. ಡೆಡ್‌ಲೈನ್ ಹತ್ತಿರ ಬಂದಾಗ ಎಂಜಿನಿಯರ್ ತನಗೆ ಅರ್ಥವಾದುದನ್ನು ಮಾತ್ರ ಉಳಿಸಿಕೊಳ್ಳುತ್ತಾನೆ, ಅರ್ಥವಾಗದ್ದನ್ನು ಮೊದಲು ಕೈಬಿಡುತ್ತಾನೆ. ಈ ವೃತ್ತಿಯ ನಾಯಕತ್ವದ ಬಗ್ಗೆ ನನಗೆ ಗೊತ್ತಿರುವುದೆಲ್ಲ ಇದರಿಂದಲೇ ಹುಟ್ಟಿದ್ದು.

ಒಂದು ಪ್ರಸಂಗ ಹೇಳುತ್ತೇನೆ. ಹಳ್ಳಿಯ ಹಾಲಿನ ಸಂಘ ನೋಡಿದವರಿಗೆ ಗೊತ್ತಿರುತ್ತದೆ, ಬೆಳಿಗ್ಗೆ ಬಾಗಿಲು ತೆರೆದ ಕೂಡಲೇ ಕ್ಯಾನು ಹಿಡಿದವರ ಸಾಲು ನಿಲ್ಲುತ್ತದೆ. ಹಾಲು ತೂಕದ ಯಂತ್ರಕ್ಕೆ ಹೋಗುತ್ತದೆ, ಒಂದಿಷ್ಟು ಮಾದರಿ ಪರೀಕ್ಷೆಯ ಯಂತ್ರಕ್ಕೆ ಹೋಗುತ್ತದೆ. ಪ್ರಮಾಣ, ಫ್ಯಾಟ್ (ಕೊಬ್ಬು), ಎಸ್‌ಎನ್‌ಎಫ್ (ಕೊಬ್ಬು ಬಿಟ್ಟು ಉಳಿದ ಘನಾಂಶ) ಕಂಪ್ಯೂಟರಿಗೆ ಬಂದು ದರ ಲೆಕ್ಕವಾಗಿ ಚೀಟಿ ಹೊರಬರುತ್ತದೆ. ಹಸುವಿನ ಹಾಲಿಗೆ ಫ್ಯಾಟ್ ಎಷ್ಟು, ಎಸ್‌ಎನ್‌ಎಫ್ ಎಷ್ಟು ಇರಬೇಕು ಎಂಬುದು ಆ ಸಾಲಿನಲ್ಲಿ ನಿಂತ ಅಜ್ಜಿಗೂ ಗೊತ್ತು. ಚೀಟಿ ನೋಡಿ ಸಮಾಧಾನವಾದ ಮೇಲೆಯೇ ಅವರು ಮುಂದೆ ಸರಿಯುವುದು. ಸಂಜೆ ಮತ್ತೆ ಇದೇ ನಡೆಯುತ್ತದೆ. ಈ ಲೆಕ್ಕವೆಲ್ಲ ಕೇಂದ್ರದ ಸರ್ವರಿಗೆ ಬಂದು, ಅಲ್ಲಿಂದ ಬಟವಾಡೆಯ ಪಟ್ಟಿ ತಯಾರಾಗುತ್ತದೆ.

ಕೆಲವು ಸಂಘಗಳಿಂದ ಬರುವ ಲೆಕ್ಕದಲ್ಲಿ ತಾರೀಖು ಅಡ್ಡಾದಿಡ್ಡಿ ಇರುತ್ತಿತ್ತು. ಇಂದಿನ ಹಾಲಿಗೆ ಹಲವು ವರ್ಷ ಹಿಂದಿನ ತಾರೀಖು ಬೀಳುತ್ತಿತ್ತು. ಕೇಂದ್ರದ ತಂತ್ರಾಂಶ ಅದನ್ನು ಮುಗಿದುಹೋದ ಬಟವಾಡೆಗೆ ಸೇರಿದ್ದೆಂದು ಬದಿಗಿಡುತ್ತಿತ್ತು. ಯಾರದೋ ಮನೆಯ ಹಾಲಿನ ದುಡ್ಡು ಮುಂದಿನ ಬಟವಾಡೆಗೆ ಹೋಗುತ್ತಿತ್ತು. ಬೆಂಗಳೂರಿನ ಮೀಟಿಂಗ್ ಕೋಣೆಯಲ್ಲಿ ನಮ್ಮ ಅನುಭವಿ ಎಂಜಿನಿಯರುಗಳು ಪರಿಹಾರ ಹುಡುಕಿದರು. ಇಂಟರ್‌ನೆಟ್‌ನಿಂದ ಗಡಿಯಾರ ಸರಿಹೊಂದಿಸಿಕೊಳ್ಳಲಿ ಎಂದರು ಒಬ್ಬರು, ಉಪಗ್ರಹದಿಂದ ಸಮಯ ಪಡೆಯುವ ಜಿಪಿಎಸ್ ಉಪಕರಣ ಜೋಡಿಸೋಣ ಎಂದರು ಇನ್ನೊಬ್ಬರು, ಹಳೆಯ ಕಂಪ್ಯೂಟರುಗಳನ್ನೆಲ್ಲ ಬದಲಾಯಿಸಲು ಹೇಳೋಣ ಎಂದರು ಮತ್ತೊಬ್ಬರು. ಎಲ್ಲವೂ ತಲೆ ಓಡಿಸಿ ಹೇಳಿದ ಮಾತುಗಳೇ. ಆದರೆ ಆ ಕೋಣೆಯಲ್ಲಿದ್ದ ಯಾರೂ ತಾರೀಖು ಕೆಡುವ ಗಳಿಗೆಯನ್ನು ಕಣ್ಣಾರೆ ನೋಡಿರಲಿಲ್ಲ.

ತಿಪಟೂರು ಕಡೆಯ ಒಬ್ಬ ಹುಡುಗಿ ನಮ್ಮ ತಂಡದಲ್ಲಿದ್ದಳು, ಕೆಲಸಕ್ಕೆ ಸೇರಿ ಹೆಚ್ಚು ಕಾಲವಾಗಿರಲಿಲ್ಲ. ಅವಳನ್ನು ಒಂದು ಸಂಘಕ್ಕೆ ಕಳುಹಿಸಿದೆ. ಏನನ್ನೂ ಸರಿಪಡಿಸಬೇಡ, ಬೆಳಗಿನ ಹಾಲಿನಿಂದ ಸಂಜೆಯ ಹಾಲಿನವರೆಗೆ ಕೂತು ನೋಡಿಕೊಂಡು ಬಾ ಎಂದೆ. ಅವಳು ಕಂಡದ್ದು ಇಷ್ಟು. ಕಂಪ್ಯೂಟರ್ ಒಳಗೆ ಗಡಿಯಾರವನ್ನು ನಡೆಸುವ ನಾಣ್ಯದ ಗಾತ್ರದ ಬ್ಯಾಟರಿ ಸತ್ತಿತ್ತು. ರಾತ್ರಿ ಕರೆಂಟು ಹೋಗುತ್ತಿತ್ತು, ಯುಪಿಎಸ್ ಬಲ ಕಳೆದುಕೊಂಡಿತ್ತು. ಬೆಳಿಗ್ಗೆ ಯಂತ್ರ ಏಳುವಾಗ ಅದರ ಲೆಕ್ಕದಲ್ಲಿ ಯಾವುದೋ ಹಳೆಯ ವರ್ಷ. ಎದುರಿಗೆ ಸಾಲು ನಿಂತಿರುವಾಗ ಕಾರ್ಯದರ್ಶಿಗೆ ತಾರೀಖು ತಿದ್ದುವಷ್ಟು ಬಿಡುವಿಲ್ಲ. ಅಷ್ಟು ಹೊತ್ತಿಗೆ ನೆಟ್‌ವರ್ಕ್ ಕೂಡ ಇಲ್ಲ.

ಅವಳು ಇನ್ನೊಂದನ್ನೂ ಕಂಡಳು. ಕಾರ್ಯದರ್ಶಿಯವರ ಪಕ್ಕದಲ್ಲಿ ರಟ್ಟು ಹಾಕಿದ ಒಂದು ರಿಜಿಸ್ಟರ್ ಇತ್ತು. ಎಡ ಪುಟ ಬೆಳಿಗ್ಗೆ, ಬಲ ಪುಟ ಸಂಜೆ, ಪ್ರತಿ ಪುಟದ ತಲೆಯ ಮೇಲೆ ಕ್ರಮಸಂಖ್ಯೆ. ಹಬ್ಬಕ್ಕೋ ಸಾವಿಗೋ ಒಂದು ಹೊತ್ತು ಹಾಲು ತೆಗೆದುಕೊಳ್ಳದಿದ್ದರೂ ಆ ಪುಟವನ್ನು ಬಿಡದೆ ಅಡ್ಡಗೆರೆ ಎಳೆದು ರುಜು ಹಾಕಿದ್ದರು. ತಾರೀಖಿನ ಬಗ್ಗೆ ತಕರಾರು ಬಂದಾಗ ಅವರು ಬೆರಳಿಟ್ಟು ತೋರಿಸುತ್ತಿದ್ದುದು ಈ ಪುಟದ ಸಂಖ್ಯೆಯನ್ನು. ಈ ಸಂಜೆಯ ನಂತರ ಆ ಬೆಳಿಗ್ಗೆ ಬಂತು ಎಂಬುದರಲ್ಲಿ ಸಂಶಯಕ್ಕೆ ಎಡೆಯೇ ಇರಲಿಲ್ಲ.

ನಾವು ತಂತ್ರಾಂಶವನ್ನು ಅದರಂತೆಯೇ ಬದಲಾಯಿಸಿದೆವು. ಪ್ರತಿ ಹೊತ್ತಿಗೂ ಒಂದು ಕ್ರಮಸಂಖ್ಯೆ, ಕಾರ್ಯದರ್ಶಿ ಆ ಹೊತ್ತಿನ ಲೆಕ್ಕ ಮುಚ್ಚಿದಾಗ ಮಾತ್ರ ಅದು ಒಂದು ಮುಂದೆ ಹೋಗುತ್ತದೆ. ಪ್ರತಿ ಚೀಟಿಯ ಗುರುತು ಎಂದರೆ ಸಂಘದ ಸಂಖ್ಯೆ, ಹೊತ್ತಿನ ಸಂಖ್ಯೆ, ಆ ಹೊತ್ತಿನಲ್ಲಿ ಅದು ಎಷ್ಟನೆಯದು ಎಂಬುದು. ಕೇಂದ್ರದ ಸರ್ವರ್ ಲೆಕ್ಕವನ್ನು ಈ ಸಂಖ್ಯೆಗಳ ಕ್ರಮದಲ್ಲಿ ಜೋಡಿಸಿಕೊಳ್ಳುತ್ತದೆ, ಯಂತ್ರ ಹೇಳಿದ ತಾರೀಖನ್ನು ನಂಬುವುದಿಲ್ಲ. ಇದರಿಂದ ಇನ್ನೊಂದು ಉಪಕಾರವೂ ಆಯಿತು. ನೆಟ್‌ವರ್ಕ್ ಕಡಿದು ಒಂದೇ ಚೀಟಿ ಎರಡು ಸಲ ಬಂದರೆ ಎರಡಕ್ಕೂ ಒಂದೇ ಗುರುತು, ಹಾಗಾಗಿ ಲೆಕ್ಕ ದುಪ್ಪಟ್ಟಾಗುವುದಿಲ್ಲ.

ಕಂಪ್ಯೂಟರ್ ವಿಜ್ಞಾನ ಓದಿದವರಿಗೆ ಇದು ಎಲ್ಲಿಯ ವಿಚಾರ ಎಂದು ಹೊಳೆದಿರುತ್ತದೆ. ಬೇರೆ ಬೇರೆ ಕಡೆ ಇರುವ ಯಂತ್ರಗಳ ಗಡಿಯಾರಗಳು ಒಂದಕ್ಕೊಂದು ಹೊಂದುತ್ತವೆ ಎಂದು ನೆಚ್ಚಿಕೊಳ್ಳಲಾಗದು, ಯಾವುದರ ನಂತರ ಯಾವುದು ನಡೆಯಿತು ಎಂಬ ಕ್ರಮವನ್ನು ಎಣಿಕೆಯಿಂದಲೇ ಕಟ್ಟಬಹುದು ಎಂದು ಲೆಸ್ಲಿ ಲ್ಯಾಂಪೋರ್ಟ್ 1978ರಲ್ಲಿ ಪ್ರಕಟಿಸಿದ ಪ್ರಬಂಧದಲ್ಲಿ ತೋರಿಸಿದರು. ಈ ಕ್ಷೇತ್ರದ ಅತಿ ದೊಡ್ಡ ಗೌರವವಾದ ಟ್ಯೂರಿಂಗ್ ಪ್ರಶಸ್ತಿ ಅವರಿಗೆ 2013ರ ಸಾಲಿನಲ್ಲಿ ಸಂದಿತು. ನಮ್ಮ ತಂಡದ ಅನೇಕರು ಆ ಪ್ರಬಂಧವನ್ನು ಕಾಲೇಜಿನಲ್ಲೇ ಓದಿದ್ದರು, ಪರೀಕ್ಷೆಯಲ್ಲೂ ಬರೆದಿದ್ದರು. ಅದು ಎದುರಿಗೆ ಬಂದು ನಿಂತಾಗ ಗುರುತು ಹಿಡಿಯಲು ಹಾಲಿನ ಸಂಘದ ರಿಜಿಸ್ಟರ್ ಬೇಕಾಯಿತು. ಆರ್ಕಿಟೆಕ್ಟ್‌ಗೆ ಓದು ಬೇಕು, ಬಹಳವೇ ಬೇಕು. ಆ ಓದು ನೆಲಕ್ಕೆ ತಾಗುವ ಜಾಗವನ್ನು ಹುಡುಕಿಕೊಂಡು ಹೋಗುವ ಅಭ್ಯಾಸವೂ ಅಷ್ಟೇ ಬೇಕು.

ಇದರಲ್ಲಿ ನಾನು ಮಾಡಿದ್ದು ಏನು? ಪರಿಹಾರ ನನ್ನದಲ್ಲ. ಯಾರು ಹೋಗಬೇಕು, ಏನು ನೋಡಬೇಕು ಎಂದು ಆರಿಸಿದೆ. ಬಂದ ಮೇಲೆ ಹಿರಿಯರ ಮುಂದೆ ಅವಳೇ ವಿವರಿಸಲಿ ಎಂದು ನಿಲ್ಲಿಸಿದೆ. ಜಿಪಿಎಸ್ ಸೂಚಿಸಿದ್ದ ಹಿರಿಯರನ್ನೇ ಕರೆದು ಇವಳ ವಿನ್ಯಾಸದಲ್ಲಿ ಲೋಪ ಹುಡುಕಿಕೊಡಿ ಎಂದು ಕೇಳಿಕೊಂಡೆ. ಅವರು ನಿಷ್ಠೆಯಿಂದ ಹುಡುಕಿದರು. ಕಂಪ್ಯೂಟರ್ ಪೂರ್ತಿ ಕೆಟ್ಟು ಹೊಸದು ಬಂದಾಗ ಸಂಖ್ಯೆ ಎಲ್ಲಿಂದ ಶುರುವಾಗಬೇಕು ಎಂಬ ಪ್ರಶ್ನೆ ಅವರದೇ, ಅದರ ಉತ್ತರ ವಿನ್ಯಾಸದ ಮುಖ್ಯ ಭಾಗವಾಯಿತು. ಆಮೇಲೆ ಅವಳನ್ನು ಕೂರಿಸಿಕೊಂಡು ಒಂದು ಪುಟ ಬರೆಸಿದೆ. ಸಮಸ್ಯೆ ಏನಿತ್ತು, ಯಾವ್ಯಾವ ದಾರಿ ಯೋಚಿಸಿದೆವು, ಯಾವುದನ್ನು ಯಾಕೆ ಬಿಟ್ಟೆವು, ಆರಿಸಿಕೊಂಡ ದಾರಿಯಿಂದ ಮುಂದೆ ಏನು ತೊಂದರೆ ಬರಬಹುದು. ಕೆಳಗೆ ಅವಳ ಹೆಸರು.

ಈ ಒಂದು ಪುಟದ ಬಗ್ಗೆಯೇ ನಾನು ಮುಖ್ಯವಾಗಿ ಹೇಳಬೇಕಾಗಿರುವುದು. ಆರ್ಕಿಟೆಕ್ಟ್ ಎಂದರೆ ಗೋಡೆಯ ಮೇಲೆ ಪೆಟ್ಟಿಗೆ ಬರೆದು ಬಾಣ ಎಳೆಯುವವರು ಎಂಬ ಕಲ್ಪನೆ ಇದೆ. ಚಿತ್ರ ಬೇಕು, ನಾನೂ ಬರೆಯುತ್ತೇನೆ. ಚಿತ್ರ ಏನನ್ನು ಕಟ್ಟಿದ್ದೇವೆ ಎಂದು ಹೇಳುತ್ತದೆ, ಕೋಡ್ ಅದನ್ನು ಇನ್ನೂ ನಿಖರವಾಗಿ ಹೇಳುತ್ತದೆ. ಯಾಕೆ ಹಾಗೆ ಕಟ್ಟಿದೆವು ಎಂಬುದು ಎರಡರಲ್ಲೂ ಇರುವುದಿಲ್ಲ. ಅದು ತೀರ್ಮಾನ ಮಾಡಿದವರ ತಲೆಯಲ್ಲಿರುತ್ತದೆ. ಬೆಂಗಳೂರಿನ ಸಾಫ್ಟ್‌ವೇರ್ ಕಂಪನಿಗಳಲ್ಲಿ ಜನ ಎರಡು ಮೂರು ವರ್ಷಕ್ಕೆ ಕೆಲಸ ಬದಲಾಯಿಸುತ್ತಾರೆ, ಆ ಕಾರಣಗಳೂ ಅವರ ಜೊತೆಗೇ ಹೊರಟುಹೋಗುತ್ತವೆ.

ಕಾರಣ ಕಳೆದುಹೋದರೆ ಏನಾಗುತ್ತದೆ ಎಂಬುದಕ್ಕೆ ನಾನು ಹೊಸಬರಿಗೆ ಹೇಳುವುದು ಏರಿಯಾನ್ 5 ರಾಕೆಟ್ಟಿನ ಕಥೆ. 1996ರ ಜೂನ್ 4ರಂದು ಫ್ರೆಂಚ್ ಗಯಾನಾದ ಕೌರುವಿನಿಂದ ಯುರೋಪಿನ ಈ ಹೊಸ ರಾಕೆಟ್ಟು ಮೊದಲ ಬಾರಿಗೆ ಮೇಲೇರಿತು, ಒಂದು ನಿಮಿಷ ತುಂಬುವ ಮೊದಲೇ ದಾರಿ ತಪ್ಪಿ ಸಿಡಿಯಿತು. ಒಳಗಿದ್ದ ಕ್ಲಸ್ಟರ್ ಯೋಜನೆಯ ನಾಲ್ಕು ಉಪಗ್ರಹಗಳು ನಾಶವಾದವು. ರಾಕೆಟ್ಟಿನ ದಿಕ್ಕು ಲೆಕ್ಕ ಹಾಕುವ ತಂತ್ರಾಂಶವನ್ನು ಹಿಂದಿನ ಏರಿಯಾನ್ 4ರಿಂದ ತೆಗೆದುಕೊಂಡಿದ್ದರು. 64 ಬಿಟ್‌ನ ಜಾಗ ಹಿಡಿಯುವ ಒಂದು ದಶಾಂಶ ಸಂಖ್ಯೆಯನ್ನು 16 ಬಿಟ್‌ನಷ್ಟೇ ಜಾಗದ ಪೂರ್ಣಾಂಕವಾಗಿ ಬದಲಾಯಿಸುವಾಗ ಅದು ಹಿಡಿಸದೆ ತಂತ್ರಾಂಶ ನಿಂತುಹೋಯಿತು. ಬದಲಿಗಿದ್ದ ಯಂತ್ರವೂ ಅದೇ ಕೋಡ್ ನಡೆಸುತ್ತಿದ್ದುದರಿಂದ ಅದೂ ನಿಂತಿತು. ಇಷ್ಟನ್ನು ಬಹಳ ಮಂದಿ ಕೇಳಿರುತ್ತಾರೆ.

ತನಿಖಾ ಮಂಡಳಿಯ ವರದಿಯಲ್ಲಿ ನನ್ನನ್ನು ಕಾಡಿದ ಭಾಗ ಬೇರೆ. ಮಿತಿ ಮೀರಬಹುದಾದ ಏಳು ಸಂಖ್ಯೆಗಳನ್ನು ಹಿಂದೆಯೇ ಗುರುತಿಸಿದ್ದರು. ಕಂಪ್ಯೂಟರ್ ಮೇಲಿನ ಹೊರೆ ಶೇ 80ರೊಳಗೆ ಇರಲಿ ಎಂಬ ಗುರಿಯಿದ್ದುದರಿಂದ ನಾಲ್ಕಕ್ಕೆ ಮಾತ್ರ ರಕ್ಷಣೆ ಕೊಟ್ಟು ಮೂರನ್ನು ಬಿಟ್ಟಿದ್ದರು. ಆ ಮೂರು ಮಿತಿ ದಾಟುವುದಿಲ್ಲ ಎಂದು ಯೋಚಿಸಿಯೇ, ಪಾಲುದಾರರೆಲ್ಲ ಕೂಡಿ ಒಪ್ಪಿಯೇ ಮಾಡಿದ ತೀರ್ಮಾನ ಅದು. ಏರಿಯಾನ್ 4ರ ಪಥಕ್ಕೆ ಸರಿಯಾಗಿಯೂ ಇತ್ತು. ಆದರೆ ಆ ತೀರ್ಮಾನದ ಸಮರ್ಥನೆ ಕೋಡ್‌ನಲ್ಲಿ ಎಲ್ಲಿಯೂ ನೇರವಾಗಿ ದಾಖಲಾಗಿರಲಿಲ್ಲ, ರಾಶಿ ದಾಖಲೆಗಳ ನಡುವೆ ಹೊರಗಿನವರ ಕಣ್ಣಿಗೆ ಬೀಳದಂತೆ ಹುದುಗಿತ್ತು. ಹೊಸ ರಾಕೆಟ್ಟಿನ ಅಡ್ಡ ದಿಕ್ಕಿನ ವೇಗ ಶುರುವಿನಲ್ಲೇ ಬಹಳ ಹೆಚ್ಚು. ಹಳೆಯ ಊಹೆ ಇನ್ನೂ ನಿಲ್ಲುತ್ತದೆಯೇ ಎಂದು ಕೇಳಬೇಕಾದರೆ ಅಂಥದೊಂದು ಊಹೆ ಇದೆ ಎಂಬುದು ಕಣ್ಣಿಗೆ ಕಾಣಬೇಕಿತ್ತು. ಅಲ್ಲಿದ್ದವರೆಲ್ಲ ಜಾಣರು, ಎಚ್ಚರದ ಜನ. ಹಾಗಿದ್ದೂ ಹೀಗಾಯಿತು ಎಂಬುದು ನಮಗೆ ಮುಟ್ಟಬೇಕಾದ ಸಂಗತಿ.

ತೀರ್ಮಾನಗಳ ಕಾರಣವನ್ನು ಚಿಕ್ಕ ಟಿಪ್ಪಣಿಗಳಾಗಿ, ಕೋಡ್ ಇರುವ ಜಾಗದಲ್ಲಿಯೇ ಇಡಬೇಕು ಎಂಬ ಪದ್ಧತಿಯನ್ನು ಮೈಕೆಲ್ ನೈಗಾರ್ಡ್ ಎಂಬ ಎಂಜಿನಿಯರ್ 2011ರಲ್ಲಿ ಸರಳವಾಗಿ ಬರೆದು ಪ್ರಚುರಪಡಿಸಿದರು. ಸಂದರ್ಭ, ತೀರ್ಮಾನ, ಅದರ ಪರಿಣಾಮ, ಅದು ಈಗಲೂ ಜಾರಿಯಲ್ಲಿದೆಯೇ ಎಂಬುದು, ಇಷ್ಟೇ. ಇದಕ್ಕೆ ದುಬಾರಿ ಉಪಕರಣ ಬೇಡ. ಆದರೂ ನಾನು ಕಂಡ ಎಷ್ಟೋ ತಂಡಗಳಲ್ಲಿ ಇದು ಶುರುವಾಗಿ ನಿಂತುಹೋಗುತ್ತದೆ. ಹಿರಿಯರು ತಾವು ಬರೆಯದೆ ಕಿರಿಯರಿಗೆ ಹೇಳುತ್ತಾರೆ, ಕಿರಿಯರು ಅದನ್ನು ಒಂದು ಹೆಚ್ಚಿನ ಹೊರೆ ಎಂದುಕೊಳ್ಳುತ್ತಾರೆ. ಆರ್ಕಿಟೆಕ್ಟ್ ಮೊದಲು ತನ್ನ ತೀರ್ಮಾನವನ್ನು, ಅದರ ದುರ್ಬಲ ಭಾಗವನ್ನೂ ಸೇರಿಸಿ ಬರೆದರೆ ಉಳಿದವರು ಬರೆಯುತ್ತಾರೆ. ನಮ್ಮಲ್ಲಿ ಹೊತ್ತಿನ ಸಂಖ್ಯೆಯ ಆ ಪುಟವನ್ನು ಹೊಸದಾಗಿ ಬಂದ ಒಂದು ತಂಡ ವರ್ಷಗಳ ಮೇಲೆ ಓದಿತು. ಈ ವಿಚಿತ್ರ ಸಂಖ್ಯೆ ಯಾಕೆ, ತೆಗೆದು ತಾರೀಖು ಬಳಸೋಣ ಎಂದು ಹೊರಟಿದ್ದವರು ಓದಿ ಕೈಬಿಟ್ಟರು. ಆ ಹೊತ್ತಿಗೆ ಅದನ್ನು ಬರೆದವಳು ಬೇರೆ ಊರಿನಲ್ಲಿದ್ದಳು.

ಬರೆದಿಡುವುದರಿಂದ ಇನ್ನೊಂದು ಪ್ರಯೋಜನವಿದೆ, ನನ್ನ ಮನಸ್ಸಿಗೆ ಬಹಳ ಹತ್ತಿರದ್ದು. ವಿನ್ಯಾಸದ ಚರ್ಚೆಗಳಲ್ಲಿ ಗೆಲ್ಲುವುದು ಅನೇಕ ಸಲ ಇಂಗ್ಲಿಷ್ ಸರಾಗವಾಗಿ ಬರುವವರ, ದನಿ ಏರಿಸಬಲ್ಲವರ ಮಾತು. ಕನ್ನಡ ಮಾಧ್ಯಮದಲ್ಲಿ ಓದಿ ಬಂದ ಮಕ್ಕಳು, ಅದರಲ್ಲೂ ಹೆಣ್ಣುಮಕ್ಕಳು, ಸರಿಯಾದದ್ದು ಗೊತ್ತಿದ್ದೂ ಸುಮ್ಮನೆ ಕೂರುವುದನ್ನು ನಾನು ಮೊದಲಿನಿಂದ ಕಂಡಿದ್ದೇನೆ. ಪ್ರಸ್ತಾಪವನ್ನು ಮೊದಲು ಬರೆದು ಎಲ್ಲರಿಗೂ ಹಂಚಿ, ಮೀಟಿಂಗ್‌ನ ಮೊದಲ ಕಾಲುಗಂಟೆ ಎಲ್ಲರೂ ಅದನ್ನು ಓದಿ, ಆಮೇಲೆ ಕಿರಿಯರಿಂದ ಮಾತು ಶುರು ಮಾಡಿ ಎಂದು ನಮ್ಮಲ್ಲಿ ಕ್ರಮ ಮಾಡಿದ್ದೇನೆ. ನಾನು ಕೊನೆಗೆ ಮಾತಾಡುತ್ತೇನೆ. ಮೊದಲು ಮಾತಾಡಿದರೆ ಉಳಿದವರು ನನ್ನ ಅಭಿಪ್ರಾಯಕ್ಕೆ ತಮ್ಮದನ್ನು ಹೊಂದಿಸಿಕೊಳ್ಳುತ್ತಾರೆ. ಕನ್ನಡದಲ್ಲಿ ವಿವರಿಸಿದರೆ ಸಲೀಸು ಎನಿಸಿದವರು ಕನ್ನಡದಲ್ಲೇ ವಿವರಿಸುತ್ತಾರೆ, ಬೇರೆ ರಾಜ್ಯದ ಸಹೋದ್ಯೋಗಿಗಳಿಗೆ ಪಕ್ಕದವರು ತಿಳಿಸುತ್ತಾರೆ. ಇದರಿಂದ ಮೀಟಿಂಗ್ ನಿಧಾನವಾಗುತ್ತದೆ ಎಂಬ ದೂರು ಬಂದಿದೆ. ನಿಧಾನವಾಗುವುದು ನಿಜ. ಆ ನಿಧಾನಕ್ಕೆ ನನ್ನ ಒಪ್ಪಿಗೆ ಇದೆ.

ವರ್ಷಗಟ್ಟಲೆ ಉಳಿಯುವ ಒಳ್ಳೆಯ ತೀರ್ಮಾನಕ್ಕೆ ನಮ್ಮ ಭಾಷೆಯಲ್ಲಿಯೇ ಒಂದು ದೊಡ್ಡ ಮಾದರಿ ಇದೆ. ಕೆ.ಪಿ. ರಾವ್ ಅವರ ಕೀಲಿಮಣೆ ವಿನ್ಯಾಸ. ಕನ್ನಡದ ಒಂದೊಂದು ಅಕ್ಷರರೂಪಕ್ಕೂ ಒಂದೊಂದು ಕೀಲಿ ಹುಡುಕುವ ಗೊಂದಲದಿಂದ ಅವರು ನಮ್ಮನ್ನು ಪಾರು ಮಾಡಿದರು. ಉಚ್ಚಾರದ ಕ್ರಮದಲ್ಲಿ ವ್ಯಂಜನ, ಸ್ವರ ಒತ್ತುತ್ತಾ ಹೋದರೆ ಸಾಕು, ಕಾಗುಣಿತ ಕಟ್ಟುವುದು ತಂತ್ರಾಂಶದ ಕೆಲಸ. ಒತ್ತಕ್ಷರ ಬೇಕಾದಲ್ಲಿ ‘ಎಫ್’ ಕೀಲಿ ಒತ್ತಿದರೆ ಮುಂದಿನ ವ್ಯಂಜನ ಒತ್ತಾಗಿ ಕೂರುತ್ತದೆ. ಹೊಸ ಕೀಲಿಮಣೆ ಕೊಳ್ಳಬೇಕಾಗಿಲ್ಲ, ಇಂಗ್ಲಿಷ್ ಕೀಲಿಮಣೆಯೇ ಆಯಿತು. ಕರ್ನಾಟಕ ಸರ್ಕಾರ ಅದನ್ನು ಶಿಷ್ಟ ವಿನ್ಯಾಸವಾಗಿ ಒಪ್ಪಿತು, ‘ನುಡಿ’ ತಂತ್ರಾಂಶದಲ್ಲಿ ಅದು ಊರೂರಿನ ಕಚೇರಿಗಳನ್ನು ತಲುಪಿತು. ಈ ಪತ್ರವನ್ನು ನಾನು ಟೈಪ್ ಮಾಡುತ್ತಿರುವುದೂ ಅದರಲ್ಲಿಯೇ. ಆರ್ಕಿಟೆಕ್ಟ್ ಎಂದರೆ ಯಾರು ಎಂದು ನನ್ನನ್ನು ಕೇಳಿದರೆ ನಾನು ಅವರನ್ನು ತೋರಿಸುತ್ತೇನೆ. ಭಾಷೆಯ ರಚನೆಯನ್ನು ಚೆನ್ನಾಗಿ ಬಲ್ಲವರು, ಯಂತ್ರವನ್ನೂ ಬಲ್ಲವರು ತೆಗೆದುಕೊಂಡ ಒಂದು ತೀರ್ಮಾನದ ಮೇಲೆ ಲಕ್ಷಾಂತರ ಬೆರಳುಗಳು ಇಂದಿಗೂ ಓಡಾಡುತ್ತಿವೆ.

ಇನ್ನು ಬೆಳವಣಿಗೆಯ ಏಣಿಯ ವಿಷಯ. ನಾನು ಹಿಂದೆ ಕೆಲಸ ಮಾಡಿದ ಒಂದು ಕಂಪನಿಯಲ್ಲಿ ಅಪ್ರೈಸಲ್ ಹೊತ್ತಿನಲ್ಲಿ ನನಗೆ ಸ್ಪಷ್ಟವಾಗಿ ಹೇಳಿದರು, ಮುಂದಿನ ಹಂತಕ್ಕೆ ಹೋಗಬೇಕಾದರೆ ನಿಮ್ಮ ಕೈಕೆಳಗೆ ಇಷ್ಟು ಜನ ಇರಬೇಕು ಎಂದು. ಯಂತ್ರದ ಮೇಲೆ ಪ್ರೀತಿಯಿದ್ದ ನನ್ನ ಓರಗೆಯವರು ಈ ಒಂದು ನಿಯಮಕ್ಕಾಗಿ ಮ್ಯಾನೇಜರ್ ಆದರು. ಅವರಲ್ಲಿ ಕೆಲವರು ಒಳ್ಳೆಯ ಮ್ಯಾನೇಜರುಗಳಾದರು, ಸಂತೋಷ. ಇನ್ನು ಕೆಲವರು ತಮಗೆ ಒಗ್ಗದ ಕೆಲಸದಲ್ಲಿ ವರ್ಷಗಳನ್ನು ಕಳೆದರು. ಮನೆಯವರ ಒತ್ತಡವೂ ಇದಕ್ಕೆ ಸೇರುತ್ತದೆ. ನಿಮ್ಮ ಮಗಳ ಕೈಕೆಳಗೆ ಎಷ್ಟು ಮಂದಿ ಎಂಬುದು ಮದುವೆ ಮನೆಯ ಮೊದಲ ಪ್ರಶ್ನೆ. ಈಗ ಅನೇಕ ಕಂಪನಿಗಳು ತಾಂತ್ರಿಕ ಹುದ್ದೆಗಳಿಗೂ ಮ್ಯಾನೇಜರ್ ಹುದ್ದೆಗಳಿಗೂ ಸಮಾನ ದರ್ಜೆ ಎಂದು ಕಾಗದದಲ್ಲಿ ಬರೆದುಕೊಂಡಿವೆ. ಆ ಹುದ್ದೆಗೆ ಬಂದವರನ್ನು ಯಾವುದರಿಂದ ಅಳೆಯುತ್ತಾರೆ ಎಂಬುದು ಮಾತ್ರ ಇನ್ನೂ ಸರಿಹೋಗಿಲ್ಲ. ಎಷ್ಟು ವಿನ್ಯಾಸ ಮಾಡಿದರು ಎಂದು ಕೇಳುತ್ತಾರೆ. ಇವರ ಜೊತೆ ಕೆಲಸ ಮಾಡಿದ ಎಷ್ಟು ಎಂಜಿನಿಯರುಗಳು ಈಗ ಇವರಿಲ್ಲದೆ ಅಂಥ ತೀರ್ಮಾನ ಮಾಡಬಲ್ಲರು ಎಂದು ಕೇಳಬೇಕು.

ಹಾಗೆಯೇ ಆರ್ಕಿಟೆಕ್ಟ್ ಆದವರನ್ನು ರಾತ್ರಿ ಪಾಳಿಯ ಕರೆಗಳಿಂದ ಬಿಡುಗಡೆ ಮಾಡುವ ರೂಢಿ ಅನೇಕ ಕಡೆ ಇದೆ. ನಾನು ಅದನ್ನು ಒಪ್ಪಿಕೊಳ್ಳಲಿಲ್ಲ. ನಮ್ಮ ತಂತ್ರಾಂಶ ಕೆಟ್ಟರೆ ಫೋನು ಬರುವುದು ಬೆಳಗಿನ ಜಾವ, ಸಂಘದ ಕಾರ್ಯದರ್ಶಿಯಿಂದ. ಹಿಂದೆ ಸಾಲಿನಲ್ಲಿ ನಿಂತವರ ಗದ್ದಲ ಕೇಳಿಸುತ್ತಿರುತ್ತದೆ. ಹಾಲು ಕಾಯುವುದಿಲ್ಲ. ತಾನು ಹಾಕಿದ ವಿನ್ಯಾಸ ಎಲ್ಲಿ ಸೋಲುತ್ತದೆ ಎಂಬುದು ಆ ಫೋನಿನಲ್ಲಿ ತಿಳಿದಷ್ಟು ಯಾವ ವರದಿಯಲ್ಲೂ ತಿಳಿಯುವುದಿಲ್ಲ. ವಯಸ್ಸು, ಆರೋಗ್ಯ, ಮನೆಯ ಹೊಣೆ ನೋಡಿ ಪಾಳಿ ಕಡಿಮೆ ಮಾಡಲಿ. ಪೂರ್ತಿ ತೆಗೆದುಬಿಟ್ಟರೆ ಆರ್ಕಿಟೆಕ್ಟ್‌ಗೆ ನೆಲದ ಸುದ್ದಿ ಬೇರೆಯವರ ಬಾಯಿಂದಷ್ಟೇ ಬರುತ್ತದೆ.

ತಂಡಗಳನ್ನು ಹೇಗೆ ಕೂರಿಸುತ್ತಾರೆ ಎಂಬುದರಲ್ಲೂ ಆರ್ಕಿಟೆಕ್ಟ್ ಬಾಯಿ ತೆರೆಯಬೇಕು. ಒಂದು ಸಂಸ್ಥೆಯ ಒಳಗಿನ ಮಾತುಕತೆಯ ದಾರಿಗಳು ಹೇಗಿವೆಯೋ ಅದು ಕಟ್ಟುವ ವ್ಯವಸ್ಥೆಯೂ ಹಾಗೆಯೇ ಇರುತ್ತದೆ ಎಂದು ಕಂಪ್ಯೂಟರ್ ವಿಜ್ಞಾನಿ ಮೆಲ್ವಿನ್ ಕಾನ್‌ವೇ 1968ರಲ್ಲೇ ಬರೆದರು. ಒಂದಕ್ಕೊಂದು ಮಾತಾಡದ ಮೂರು ತಂಡಗಳಿಗೆ ಒಂದು ಕೆಲಸ ಹಂಚಿದರೆ ಹಾಲು ಹಾಕುವವರ ಹೆಸರು ಮೂರು ಜಾಗದಲ್ಲಿ ಮೂರು ಕಾಗುಣಿತದಲ್ಲಿ ಉಳಿಯುತ್ತದೆ. ಆಮೇಲೆ ಬ್ಯಾಂಕಿನ ಖಾತೆಯ ಹೆಸರಿಗೆ ಯಾವುದೂ ಹೊಂದುವುದಿಲ್ಲ. ಇದನ್ನು ಕೋಡ್‌ನಿಂದ ಸರಿಪಡಿಸಲು ಹೋಗುವುದಕ್ಕಿಂತ ಮೂವರನ್ನು ಒಂದು ಮೇಜಿಗೆ ತರುವುದು ಸುಲಭ. ಆ ಮಾತನ್ನು ಮೇಲಧಿಕಾರಿಗಳಿಗೆ ಹೇಳಲು ಧೈರ್ಯ ಬೇಕು. ಆ ಧೈರ್ಯ ನನಗೆ ಬಂದದ್ದು ತಡವಾಗಿ, ನಿಧಾನವಾಗಿ.

ಈಗ ಕೃತಕ ಬುದ್ಧಿಮತ್ತೆಯ ಉಪಕರಣಗಳು ಕೋಡ್ ಬರೆದುಕೊಡುತ್ತಿವೆ. ನಾನೂ ಬಳಸುತ್ತೇನೆ, ಉಪಯೋಗವಿದೆ. ನನಗಿರುವ ಆತಂಕ ಹೊಸಬರ ಬಗ್ಗೆ. ಸಣ್ಣ ಸಣ್ಣ ಕೆಲಸಗಳನ್ನು ತಾವೇ ಮಾಡಿ, ಕೆಡಿಸಿ, ಸರಿಮಾಡಿ ಕಲಿಯುವ ಮೊದಲ ಎರಡು ಮೂರು ವರ್ಷಗಳೇ ಒಬ್ಬ ಆರ್ಕಿಟೆಕ್ಟ್‌ನ ಬುನಾದಿ. ಆ ಕೆಲಸಗಳೆಲ್ಲ ಉಪಕರಣಕ್ಕೆ ಹೋದವು, ಹೊಸಬರ ನೇಮಕವೇ ಬೇಡ ಎಂದು ಕಂಪನಿಗಳು ಲೆಕ್ಕ ಹಾಕಿದರೆ ಇನ್ನು ಹದಿನೈದು ವರ್ಷಕ್ಕೆ ಕಷ್ಟದ ತೀರ್ಮಾನ ಮಾಡುವವರನ್ನು ಎಲ್ಲಿಂದ ತರುತ್ತಾರೆ? ಉಪಕರಣ ಕೊಟ್ಟ ಕೋಡ್ ಇಲ್ಲಿ ಯಾಕೆ ಸರಿ, ಅಲ್ಲಿ ಯಾಕೆ ತಪ್ಪು ಎಂದು ಹೊಸಬರಿಂದ ಬರೆಸಿ, ಅದನ್ನು ಹಿರಿಯರು ಕೂತು ಓದುವ ಪದ್ಧತಿಯನ್ನಾದರೂ ಕಂಪನಿಗಳು ಈಗಲೇ ತರಬೇಕು.

ಕಾಲೇಜುಗಳಿಗೆ ನನ್ನದೊಂದು ವಿನಂತಿ. ಕೊನೆಯ ವರ್ಷದ ಪ್ರಾಜೆಕ್ಟ್‌ಗಳನ್ನು ಸಿದ್ಧವಾಗಿ ಕೊಂಡು ತರುವ ಪಿಡುಗು ಎಲ್ಲರಿಗೂ ಗೊತ್ತಿರುವುದೇ. ಪ್ರಾಜೆಕ್ಟ್ ವರದಿಯ ಗಾತ್ರವನ್ನು ಅರ್ಧಕ್ಕೆ ಇಳಿಸಿ, ಎರಡು ಪುಟ ಕಾರಣಗಳನ್ನು ಕಡ್ಡಾಯ ಮಾಡಲಿ. ಯಾವ ದಾರಿಗಳನ್ನು ಬಿಟ್ಟಿರಿ, ಯಾಕೆ ಬಿಟ್ಟಿರಿ ಎಂದು ವಿದ್ಯಾರ್ಥಿ ಕನ್ನಡದಲ್ಲೋ ಇಂಗ್ಲಿಷಿನಲ್ಲೋ ತನ್ನ ಮಾತಿನಲ್ಲಿ ಬರೆಯಲಿ, ಮೌಖಿಕ ಪರೀಕ್ಷೆಯಲ್ಲಿ ಅದರ ಮೇಲೆಯೇ ಪ್ರಶ್ನೆ ಕೇಳಲಿ. ಕೊಂಡು ತಂದವರಿಗೆ ಅದನ್ನು ಬರೆಯುವುದು ಆಗುವುದಿಲ್ಲ. ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ ಪಠ್ಯ ಮಂಡಳಿಯವರು ಇದನ್ನು ಓದಿದರೆ ದಯವಿಟ್ಟು ಯೋಚಿಸಲಿ.

ಕೊನೆಯದಾಗಿ ನಿಮ್ಮಲ್ಲಿ ಒಂದು ಕೋರಿಕೆ. ಯಾವ ಕೋರ್ಸಿಗೆ ಎಷ್ಟು ಸಂಬಳ ಎಂಬ ಲೇಖನಗಳ ಜೊತೆಗೆ, ನಾವು ದಿನವೂ ಬಳಸುವ ವ್ಯವಸ್ಥೆಗಳು ಒಳಗೆ ಹೇಗೆ ನಡೆಯುತ್ತವೆ, ಅವನ್ನು ಹಾಗೆ ಕಟ್ಟಿದ್ದು ಯಾಕೆ ಎಂದು ಅಂಥ ಕೆಲಸ ಮಾಡುವವರೇ ಕನ್ನಡದಲ್ಲಿ ಬರೆಯುವ ಅಂಕಣಕ್ಕೆ ಪುರವಣಿಯಲ್ಲಿ ಹದಿನೈದು ದಿನಕ್ಕೊಮ್ಮೆ ಅರ್ಧ ಪುಟ ಕೊಡಿ. ಬರೆಯಬಲ್ಲವರು ಬೆಂಗಳೂರು, ಮೈಸೂರು, ಹುಬ್ಬಳ್ಳಿ, ಮಂಗಳೂರಿನಲ್ಲಿ ಬೇಕಾದಷ್ಟು ಮಂದಿ ಇದ್ದಾರೆ, ಕೇಳುವವರಿಲ್ಲ ಅಷ್ಟೆ. ಮೊದಲ ಲೇಖನವನ್ನು ನಾನೇ ಬರೆದು ಕಳುಹಿಸುತ್ತೇನೆ. ಯುಪಿಐನಲ್ಲಿ ನಮ್ಮ ಖಾತೆಯಿಂದ ಹಣ ಕಡಿತವಾಗಿ ಅಂಗಡಿಯವರಿಗೆ ಸೇರದಿದ್ದಾಗ ನಡುವೆ ಏನಾಗಿರುತ್ತದೆ, ಅದು ಹಿಂತಿರುಗುವುದು ಹೇಗೆ ಎಂಬ ವಿಷಯ ಆಗಬಹುದೇ? ಒಪ್ಪಿಗೆಯಾದರೆ ಎಷ್ಟು ಪದಗಳಿರಬೇಕು, ಯಾವಾಗ ತಲುಪಬೇಕು ಎಂದು ತಿಳಿಸಿ.

ಇಂತಿ,
ನಿಮ್ಮ ಪತ್ರಿಕೆಯ ಓದುಗರಲ್ಲೊಬ್ಬಳು
ವಿಜಯನಗರ, ಬೆಂಗಳೂರು